ಒಂದೇ ತಂತಿಯಲ್ಲಿ ಇಂಟರ್ನೆಟ್, ಟಿವಿ, ದೂರವಾಣಿ: ಕಂಪನಿ ಬದಲಿಸಿದ ಐದು ತಿಂಗಳ ಅನುಭವ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಿಂದ ಪ್ರತಿ ತಿಂಗಳೂ ಮೂರು ಕಡೆಗೆ ಹಣ ಹೋಗುತ್ತಿತ್ತು. ಬ್ರಾಡ್‌ಬ್ಯಾಂಡ್‌ಗೆ ₹799, ಅದರ ಮೇಲೆ ಶೇ. 18ರಷ್ಟು ಜಿಎಸ್‌ಟಿ ಸೇರಿ ₹943, ಡಿಟಿಎಚ್‌ಗೆ ₹412, ನನ್ನ ಪೋಸ್ಟ್‌ಪೇಯ್ಡ್ ಮೊಬೈಲ್‌ಗೆ ತೆರಿಗೆಯೂ ಸೇರಿ ₹648. ಒಟ್ಟು ₹2,003. ಅಪ್ಪ ಅಮ್ಮನ ಪ್ರೀಪೇಯ್ಡ್ ರೀಚಾರ್ಜ್ ಇದರಲ್ಲಿ ಸೇರಿಲ್ಲ, ಅದನ್ನು ನಾನು ಮುಟ್ಟಲೂ ಇಲ್ಲ. ಮೂರೂ ಖಾತೆಗಳು ತಾವಾಗಿಯೇ ಬ್ಯಾಂಕಿನಿಂದ ಹಣ ಎಳೆದುಕೊಳ್ಳುತ್ತಿದ್ದುದರಿಂದ ಈ ಮೊತ್ತವನ್ನು ಒಟ್ಟಿಗೆ ಕೂಡಿಸಿ ನೋಡುವ ಪ್ರಸಂಗವೇ ಬಂದಿರಲಿಲ್ಲ.

ಈಗ ಇಂಟರ್ನೆಟ್, ಟಿವಿ ವಾಹಿನಿಗಳು ಮತ್ತು ಸ್ಥಿರ ದೂರವಾಣಿ ಮೂರೂ ಒಂದೇ ಫೈಬರ್ ಸಂಪರ್ಕದಲ್ಲಿ ಬರುವ ಯೋಜನೆಗೆ ₹699, ತೆರಿಗೆ ಸೇರಿ ₹825 ಕೊಡುತ್ತಿದ್ದೇನೆ. ಮೊಬೈಲ್ ಸಂಖ್ಯೆಯನ್ನು ಬೇರೊಂದು ಕಂಪನಿಗೆ ಪೋರ್ಟ್ ಮಾಡಿಸಿ, 84 ದಿನಗಳ ₹859ರ ಪ್ರೀಪೇಯ್ಡ್ ಯೋಜನೆಗೆ ಬಂದಿದ್ದೇನೆ. ವರ್ಷದ ಲೆಕ್ಕದಲ್ಲಿ ಅದು ತಿಂಗಳಿಗೆ ₹311 ಆಗುತ್ತದೆ. ಉಳಿತಾಯ ತಿಂಗಳಿಗೆ ₹867. ಕಂಪನಿಗಳ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಒಂದೇ ಕಂಪನಿಯ ಸೇವೆ ನಮ್ಮ ಬೀದಿಯಲ್ಲಿ ಒಂದು ಥರ, ಎರಡು ಬೀದಿ ಆಚೆ ಇನ್ನೊಂದು ಥರ ಇರುವುದನ್ನು ಕಣ್ಣಾರೆ ಕಂಡಿದ್ದೇನೆ. ಎದುರು ಮನೆಯವರನ್ನು ಕೇಳುವುದಕ್ಕಿಂತ ಒಳ್ಳೆಯ ವಿಮರ್ಶೆ ಇನ್ನೊಂದಿಲ್ಲ.

ಸಂಪರ್ಕ ಕೊಡಲು ಬಂದ ತಂತ್ರಜ್ಞ ಇಪ್ಪತ್ತರ ಆಸುಪಾಸಿನ ಹುಡುಗ. ವಿದ್ಯುತ್ ಕಂಬದಿಂದ ಪಕ್ಕದ ಮನೆಯ ತೆಂಗಿನ ಮರಕ್ಕೆ, ಅಲ್ಲಿಂದ ನಮ್ಮ ತಾರಸಿಗೆ ಕಪ್ಪು ತಂತಿ ಎಳೆದು, ಕೂದಲಿನಷ್ಟು ತೆಳುವಾದ ಗಾಜಿನ ಎಳೆಯನ್ನು ಸುಲಿದು, ಸಣ್ಣ ಯಂತ್ರದೊಳಗಿಟ್ಟು ಬೆಸೆದ. ಒಳಗೆ ಬರುವ ಬೆಳಕಿನ ಬಲ ಅಳೆಯುವ ಮೀಟರಿನಲ್ಲಿ ಮೈನಸ್ 19 ಎಂದು ಕಂಡಿತು. ಮೈನಸ್ 27ರ ಆಚೆ ಹೋದರೆ ಸಂಪರ್ಕ ಪದೇ ಪದೇ ಕಡಿಯುತ್ತದೆ, ಆಗ ಪೆಟ್ಟಿಗೆಯ ಮೇಲಿನ ‘ಲಾಸ್’ ದೀಪ ಕೆಂಪಗೆ ಮಿನುಗುತ್ತದೆ, ಅದನ್ನು ನೋಡಿದ ಮೇಲೆ ರೂಟರ್ ಆಫ್ ಆನ್ ಮಾಡುತ್ತ ಕೂರಬೇಡಿ, ನೇರವಾಗಿ ದೂರು ಕೊಡಿ ಎಂದು ವಿವರಿಸಿದ. ಐದು ತಿಂಗಳಲ್ಲಿ ಆ ದೀಪ ಎರಡು ಸಲ ಕೆಂಪಾಯಿತು. ಒಮ್ಮೆ ತೆಂಗಿನ ಗರಿ ಬಿದ್ದು ತಂತಿ ತುಂಡಾಗಿತ್ತು. ಇನ್ನೊಮ್ಮೆ ಕಾರಣವನ್ನು ಯಾರೂ ಹೇಳಲಿಲ್ಲ. ಎರಡೂ ಸಲ ಮರುದಿನ ಮಧ್ಯಾಹ್ನದೊಳಗೆ ಸರಿಯಾಯಿತು. ವೇಗದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಹೇಳಿದಷ್ಟು ಬರುತ್ತದೆ.

ಟಿವಿಯ ವಿಷಯದಲ್ಲಿ ಮಾತ್ರ ಮನೆಯಲ್ಲಿ ಒಮ್ಮತವಿಲ್ಲ. ಹಳೆಯ ಪೆಟ್ಟಿಗೆಯ ವಾಹಿನಿ ಸಂಖ್ಯೆಗಳು ಅಮ್ಮನಿಗೆ ಬಾಯಿಪಾಠವಾಗಿದ್ದವು. ಕತ್ತಲಲ್ಲೂ ರಿಮೋಟ್ ಒತ್ತುತ್ತಿದ್ದರು. ಹೊಸದರಲ್ಲಿ ಮೆನು ತೆರೆದು, ಭಾಷೆ ಆರಿಸಿ, ಚಿತ್ರಗಳ ಸಾಲಿನಲ್ಲಿ ಹುಡುಕಬೇಕು. ಮೊದಲ ವಾರ ಸಂಜೆ ಏಳಾಯಿತೆಂದರೆ ‘ಏ, ಇಲ್ಲಿ ಬಾರೋ, ಮತ್ತೆ ಅದೇನೋ ಬಂದು ನಿಂತಿದೆ’ ಎಂಬ ಕರೆ ತಪ್ಪುತ್ತಿರಲಿಲ್ಲ. ಜೊತೆಗೆ, ಇಂಟರ್ನೆಟ್ ಮೂಲಕ ಬರುವ ನೇರ ಪ್ರಸಾರ ಡಿಟಿಎಚ್‌ಗಿಂತ ಕೆಲವು ಸೆಕೆಂಡು ಹಿಂದಿರುತ್ತದೆ. ಧಾರಾವಾಹಿಗೆ ಇದರಿಂದ ನಷ್ಟವಿಲ್ಲ, ಕ್ರಿಕೆಟ್‌ಗೆ ಇದೆ. ಪಕ್ಕದ ಮನೆಯಲ್ಲಿ ಡಿಟಿಎಚ್ ಇರುವುದರಿಂದ, ಕೊನೆಯ ಓವರಿನಲ್ಲಿ ಅವರ ಕೂಗು ಕೇಳಿಸಿದ ಮೇಲೆ ನಮ್ಮ ಪರದೆಯಲ್ಲಿ ಬೌಲರ್ ಓಡಲು ಶುರು ಮಾಡುತ್ತಾನೆ. ಡಿಡಿ ಫ್ರೀ ಡಿಶ್ ಹಾಕಿಸಿದ್ದರೆ ತಿಂಗಳ ಶುಲ್ಕವೇ ಇರುತ್ತಿರಲಿಲ್ಲ, ಚಂದನ ವಾಹಿನಿಯೂ ಸಿಗುತ್ತಿತ್ತು. ಆದರೆ ಅಮ್ಮ ನೋಡುವ ಧಾರಾವಾಹಿಗಳು ಅದರಲ್ಲಿ ಬರುವುದಿಲ್ಲವಾದ್ದರಿಂದ ಆ ಮಾತು ಅಲ್ಲಿಗೇ ನಿಂತಿತು.

ಮೊಬೈಲ್ ಪೋರ್ಟಿಂಗ್ ನಾನು ಅಂದುಕೊಂಡದ್ದಕ್ಕಿಂತ ಸಲೀಸಾಗಿ ಆಯಿತು. ದೇಶಾದ್ಯಂತ 2011ರ ಜನವರಿಯಿಂದಲೇ ಇರುವ ಸೌಲಭ್ಯವಿದು. ‘ಪೋರ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಮ್ಮ ಸಂಖ್ಯೆ ಸೇರಿಸಿ 1900ಕ್ಕೆ ಸಂದೇಶ ಕಳುಹಿಸಿದರೆ ಎಂಟು ಅಕ್ಷರಗಳ ಕೋಡ್ ಬರುತ್ತದೆ. ಕರ್ನಾಟಕದಲ್ಲಿ ಅದಕ್ಕೆ ನಾಲ್ಕು ದಿನಗಳ ಆಯುಷ್ಯ. ಈಗಿನ ಕಂಪನಿಯಲ್ಲಿ ಕನಿಷ್ಠ 90 ದಿನ ಕಳೆದಿರಬೇಕು, ಪೋಸ್ಟ್‌ಪೇಯ್ಡ್ ಆಗಿದ್ದರೆ ಗಡುವು ಮೀರಿದ ಬಿಲ್ ಬಾಕಿ ಇರಬಾರದು. ನನಗೆ ಮೊದಲ ಸಲ ಕೋಡ್ ಬರದಿದ್ದುದಕ್ಕೆ ಹಳೆಯ ಬಾಕಿಯೇ ಕಾರಣ. ಕಟ್ಟಿದ ಮೇಲೆ ಬಂತು. ಮೂರನೆಯ ದಿನ ರಾತ್ರಿ ಹಳೆಯ ಸಿಮ್ ಸತ್ತು, ಎರಡು ಗಂಟೆಯ ನಂತರ ಹೊಸದು ಜೀವ ಪಡೆಯಿತು. ಆ ನಡುವೆ ಒಟಿಪಿ ಬರುವುದಿಲ್ಲವಾದ್ದರಿಂದ ಅಂದು ರೈಲು ಟಿಕೆಟ್, ಬ್ಯಾಂಕ್ ವ್ಯವಹಾರ ಇಟ್ಟುಕೊಳ್ಳದಿರುವುದು ಲೇಸು.

ಸ್ಥಿರ ದೂರವಾಣಿಗೆ ಈ ಭಾಗ್ಯವಿಲ್ಲ. ಮೊಬೈಲ್ ಸಂಖ್ಯೆಯ ಹಾಗೆ ಅದನ್ನು ಬೇರೆ ಕಂಪನಿಗೆ ಕೊಂಡೊಯ್ಯಲಾಗುವುದಿಲ್ಲ. ಆರು ವರ್ಷದ ಹಿಂದೆ ಬ್ರಾಡ್‌ಬ್ಯಾಂಡ್ ಜೊತೆ ಬಂದ ಸಂಖ್ಯೆಯನ್ನು ಅಪ್ಪ ಬ್ಯಾಂಕಿನಿಂದ ಹಿಡಿದು ಔಷಧಿ ಅಂಗಡಿಯವರೆಗೆ ಎಲ್ಲೆಡೆ ಕೊಟ್ಟಿದ್ದರು. ಅವರಿಗೆ ಮೊಬೈಲ್‌ನಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲ. ಹೊಸ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆದು ಫೋನಿನ ಮೇಲೆ ಅಂಟಿಸಿ, ಹಳೆಯ ಡೈರಿ ಹಿಡಿದು ಮೂವತ್ತೆಂಟು ಮಂದಿಗೆ ಒಬ್ಬೊಬ್ಬರಿಗಾಗಿ ಕರೆ ಮಾಡಿ ತಿಳಿಸಿದರು. ಉಳಿತಾಯದ ಲೆಕ್ಕದಲ್ಲಿ ನಾನು ಈ ಶ್ರಮವನ್ನು ಹಿಡಿದಿರಲಿಲ್ಲ.

ಹಳೆಯ ಬ್ರಾಡ್‌ಬ್ಯಾಂಡ್ ಕಂಪನಿಯನ್ನು ಬಿಡಿಸಿಕೊಳ್ಳುವುದು ಎಲ್ಲಕ್ಕಿಂತ ಬೇಸರದ ಭಾಗ. ಸಂಪರ್ಕ ಕಡಿತಕ್ಕೆ ಅರ್ಜಿ ಹಾಕಿದ ಅರ್ಧ ಗಂಟೆಯೊಳಗೆ ಕರೆ ಬಂತು: ಅದೇ ವೇಗ, ₹599ಕ್ಕೆ. ಆರು ವರ್ಷ ಸಕಾಲಕ್ಕೆ ಹಣ ಕಟ್ಟಿದವನಿಗೆ ಸಿಗದ ದರ ಬಿಟ್ಟು ಹೋಗುತ್ತೇನೆ ಎಂದವನಿಗೆ ಸಿಕ್ಕಿತು. ನಾನು ಒಪ್ಪಲಿಲ್ಲ, ಆಗ ₹1,500 ಠೇವಣಿ ಹಿಂದಿರುಗಿಸಲು 52 ದಿನ ತೆಗೆದುಕೊಂಡರು. ರೂಟರ್ ಒಪ್ಪಿಸಿದ್ದಕ್ಕೆ ರಸೀದಿ ತೆಗೆದುಕೊಂಡಿದ್ದರಿಂದ ಬಚಾವಾದೆ, ಏಕೆಂದರೆ ಎರಡನೆಯ ಕರೆಯಲ್ಲೇ ‘ನಿಮ್ಮ ರೂಟರ್ ಬಂದಿಲ್ಲ ಸರ್’ ಎಂದಿದ್ದರು. ದೂರು ಸಂಖ್ಯೆ ಬರೆದಿಟ್ಟುಕೊಂಡು, ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆದ ನಂತರವೇ ಹಣ ಬಂತು.

ಇಷ್ಟಾದ ಮೇಲೆ ₹867 ಎಲ್ಲಿಂದ ಉಳಿಯಿತೆಂದು ಬಿಡಿಸಿ ನೋಡಿದೆ. ಪೋಸ್ಟ್‌ಪೇಯ್ಡ್ ಬಿಟ್ಟು ಪ್ರೀಪೇಯ್ಡ್‌ಗೆ ಬಂದದ್ದರಿಂದ ₹337. ಹಳೆಯ ಕಂಪನಿಯಲ್ಲೇ ಇದ್ದುಕೊಂಡೂ ಈ ಬದಲಾವಣೆ ಮಾಡಿಕೊಳ್ಳಬಹುದಿತ್ತು, ಇದೇ ಥರದ ಯೋಜನೆ ಅಲ್ಲೂ ಇತ್ತು. ಇನ್ನು ಡಿಟಿಎಚ್: 2019ರ ಫೆಬ್ರುವರಿಯಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಂತೆ ಬೇಕಾದ ವಾಹಿನಿಗಳನ್ನಷ್ಟೇ ಆರಿಸಿಕೊಳ್ಳುವ ಹಕ್ಕು ಗ್ರಾಹಕನಿಗಿದೆ. ಕಂಪನಿಯ ಸಿದ್ಧ ಪ್ಯಾಕಿನಲ್ಲಿ ನಾವು ಒಮ್ಮೆಯೂ ನೋಡದ ವಾಹಿನಿಗಳನ್ನು ತೆಗೆದುಹಾಕಿದ್ದರೆ ₹412 ಇದ್ದದ್ದು ₹270ಕ್ಕೆ ಇಳಿಯುತ್ತಿತ್ತು, ಅಂದರೆ ₹142 ಅಲ್ಲೇ ಉಳಿಯುತ್ತಿತ್ತು. ಕಂಪನಿ ಬದಲಿಸಿದ್ದಕ್ಕಾಗಿಯೇ ಸಿಕ್ಕಿದ್ದು ಉಳಿದ ₹388 ಮಾತ್ರ. ₹599ರ ಆ ಕರೆಗೆ ಹೂಂ ಎಂದಿದ್ದರೆ ಅದರಲ್ಲೂ ತೆರಿಗೆ ಸೇರಿ ₹236 ಹಳೆಯ ಕಂಪನಿಯಲ್ಲೇ ಉಳಿಸಬಹುದಿತ್ತು. ಮಿಕ್ಕ ₹152ಕ್ಕಾಗಿ ಮಾತ್ರವೇ ಆಗಿದ್ದರೆ ನಾನು ಈ ಗೋಜಿಗೆ ಹೋಗುತ್ತಿರಲಿಲ್ಲ.

ಹೊಸ ಸೇವೆಗೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಆರು ತಿಂಗಳ ಹಣವನ್ನು ಮುಂಗಡವಾಗಿ, ₹4,949ರಷ್ಟು, ಕಟ್ಟಿಸಿಕೊಂಡದ್ದಕ್ಕೆ ಒಂದು ಅಂಕ ಕಳೆದಿದ್ದೇನೆ. ಉಳಿದ ಅರ್ಧ ಅಂಕ ಕಳೆದದ್ದು ಅಮ್ಮ. ಆ ಮುಂಗಡ ಮುಂದಿನ ತಿಂಗಳು ಮುಗಿಯುತ್ತದೆ. ಅದಕ್ಕೆ ಒಂದು ವಾರ ಮೊದಲು, ಈ ಸಲ ಬಿಡುವ ಇರಾದೆ ಇಲ್ಲದಿದ್ದರೂ, ಗ್ರಾಹಕ ಸೇವಾ ಕೇಂದ್ರಕ್ಕೆ ಕರೆ ಮಾಡಿ ಸಂಪರ್ಕ ಕಡಿತದ ಬಗ್ಗೆ ವಿಚಾರಿಸುವವನಿದ್ದೇನೆ.