ಆಟಿಸಂ ಇರುವ ಮಗನಿಗೆ ಕರ್ನಾಟಕ ಸಂಗೀತದ ಪಾಠ: ದೀರ್ಘಕಾಲದ ಅನುಭವ

ಎರಡನೆಯ ತರಗತಿಯಲ್ಲಿದ್ದಾಗ ಸೇರಿದ ಮಗ ಈಗ ಹೈಸ್ಕೂಲಿನಲ್ಲಿದ್ದಾನೆ. ಬೆಂಗಳೂರಿನ ನಮ್ಮ ಬಡಾವಣೆಯ ಮನೆಯೊಂದರ ಮಹಡಿಯಲ್ಲಿ ವಿದುಷಿಯೊಬ್ಬರು ನಡೆಸುವ ಅದೇ ಸಂಗೀತ ತರಗತಿಗೆ ಇಂದಿಗೂ ಹೋಗುತ್ತಾನೆ. ಅವನಿಗೆ ಆಟಿಸಂ ಇದೆ. ಇದು ಚಿಕಿತ್ಸಾ ಕೇಂದ್ರವಲ್ಲ, ಎಲ್ಲ ಮಕ್ಕಳಿಗೂ ಹೇಳಿಕೊಡುವ ಸಾಮಾನ್ಯ ಪಾಠ.

ಶಾಲೆಯವರು ದೂರುತ್ತಿದ್ದ ಅಭ್ಯಾಸವೊಂದು ಇಲ್ಲಿ ನೆರವಿಗೆ ಬಂತು. ಪ್ರಶ್ನೆ ಕೇಳಿದರೆ ಉತ್ತರಿಸದೆ ಪ್ರಶ್ನೆಯನ್ನೇ ಮರಳಿ ಹೇಳುವವನು ಅವನು. ಗುರುಗಳು ಹಾಡಿದ್ದನ್ನು ಶಿಷ್ಯ ಹಾಗೆಯೇ ಹಾಡುವುದೇ ನಮ್ಮ ಸಂಗೀತಪಾಠದ ಕ್ರಮವಾದ್ದರಿಂದ, ಅವರು ‘ಈಗ ನೀನು ಹಾಡು’ ಎಂಬ ಸೂಚನೆಯನ್ನು ಕೈಬಿಟ್ಟು (ಹೇಳಿದರೆ ಅದನ್ನೂ ಶ್ರುತಿ ಸೇರಿಸಿ ಒಪ್ಪಿಸುತ್ತಿದ್ದ), ಸಾಲು ಹಾಡಿ ಸುಮ್ಮನಾಗುವುದನ್ನು ರೂಢಿಸಿಕೊಂಡರು. ಮುಂದೇನು ಬರುತ್ತದೆಂದು ಮೊದಲೇ ತಿಳಿದಿರಬೇಕೆನ್ನುವ ಹುಡುಗನಿಗೆ ಮಾಯಾಮಾಳವಗೌಳ ರಾಗದ ಸರಳೆ ವರಸೆಗಳು (ಸ್ವರಗಳನ್ನು ನಿಗದಿತ ಕ್ರಮದಲ್ಲಿ ಹಾಡಿಸುವ ಆರಂಭದ ಪಾಠಗಳು) ಹೇಳಿ ಮಾಡಿಸಿದಂತಿದ್ದವು. ಗುರುಗಳು ಕೆಮ್ಮಿದ ಜಾಗದಲ್ಲಿ ತಾನೂ ಕೆಮ್ಮುತ್ತಿದ್ದ.

ತೊಡಕಾದದ್ದು ತಾಳ. ಎಂಟು ಅಕ್ಷರಗಳ, ಅಂದರೆ ಎಂಟು ಎಣಿಕೆಗಳ, ಆದಿತಾಳದಲ್ಲಿ ಮೊದಲ ಪೆಟ್ಟಿನ ನಂತರ ಕಿರುಬೆರಳು, ಉಂಗುರ ಬೆರಳು, ನಡುಬೆರಳು ಎಂದು ಎಣಿಸಬೇಕು. ಬೆರಳುಗಳನ್ನು ಬಿಡಿಬಿಡಿಯಾಗಿ ಆಡಿಸುವ ಪ್ರಯಾಸದಲ್ಲಿ ಅವನ ಹಾಡು ನಿಂತುಹೋಗುತ್ತಿತ್ತು. ಗುರುಗಳು ಎಂಟು ಹುಣಸೆಬೀಜಗಳನ್ನು ನಾಲ್ಕು, ಎರಡು, ಎರಡಾಗಿ ಸಾಲಿಟ್ಟು, ಅಕ್ಷರಕ್ಕೊಂದನ್ನು ಮುಟ್ಟುತ್ತಾ ಹಾಡಿಸಿದರು. ಈಗ ಬೀಜಗಳಿಲ್ಲ, ಬೆರಳೆಣಿಕೆಯೂ ಇಲ್ಲ. ತೊಡೆಯ ಮೇಲೆ ಬರೀ ತಟ್ಟುತ್ತಾನೆ, ಲಯ ತಪ್ಪುವುದಿಲ್ಲ. ಅಕ್ಷರಕ್ಕೆ ಎರಡು ಸ್ವರ ಬರುವ ಎರಡನೆಯ ಕಾಲಕ್ಕೆ (ವೇಗಕ್ಕೆ) ಒಪ್ಪಲು ಬಹಳ ಸಮಯ ಹಿಡಿಯಿತು. ಮೂರನೆಯ ಕಾಲ ಇನ್ನೂ ಆಗಿಲ್ಲ.

ಇದಕ್ಕೂ ಮೊದಲು ಸೇರಿಸಿದ್ದ ಸಂಸ್ಥೆಯೊಂದು, ಸಂಗೀತದಿಂದ ಮಾತು ಸುಧಾರಿಸುತ್ತದೆಂಬ ಭರವಸೆಯ ಮೇಲೆ ದುಬಾರಿ ಶುಲ್ಕ ಪಡೆದಿತ್ತು. ಅಂಥ ಭರವಸೆಗಳನ್ನು ಎಚ್ಚರಿಕೆಯಿಂದ ಕೇಳಿಸಿಕೊಳ್ಳಬೇಕು: 9 ದೇಶಗಳ 364 ಮಕ್ಕಳನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಂಗೀತ ಚಿಕಿತ್ಸೆ ಪಡೆದವರಿಗೂ ಪಡೆಯದವರಿಗೂ ಆಟಿಸಂನ ಸಾಮಾಜಿಕ ಲಕ್ಷಣಗಳಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಮಗನ ಮಾತು ಈ ಪಾಠದಿಂದ ಹೆಚ್ಚಿತೆಂದು ನಾನೂ ಹೇಳಲಾರೆ. ಅವನಿಗೆ ಹಾಡಲು ಬರುತ್ತದೆ. ಮಲಹರಿ ರಾಗದ ಆರಂಭದ ಗೀತೆಗಳನ್ನು ದಾಟಿ, ಅವುಗಳಿಗಿಂತ ಕಠಿಣ ರಚನೆಯಾದ ವರ್ಣಕ್ಕೆ ಬಂದಿದ್ದಾನೆ. ನಾನು ಶುಲ್ಕ ಕೊಡುವುದು ಅದಕ್ಕೆ.

ಕೊರತೆಗಳೂ ಇವೆ. ಗುಂಪಿನ ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳುವುದರಿಂದ ಅವನೊಬ್ಬನಿಗೇ ಪಾಠ ಬೇಕು, ಅದಕ್ಕೆ ಶುಲ್ಕ ಸುಮಾರು ದುಪ್ಪಟ್ಟು. ಆನ್‌ಲೈನ್ ಪಾಠದಲ್ಲಿ ದನಿ ತಡವಾಗಿ ತಲುಪಿ ತಾಳ ಕೂಡಲೇ ಇಲ್ಲ. ಗುರುಗಳು ಕಛೇರಿಗೆಂದು ಪರಊರಿಗೆ ಹೋದಾಗ ಹಿರಿಯ ಶಿಷ್ಯೆ ಪಾಠ ಮಾಡುತ್ತಾರೆ. ಆಕೆಯ ಶ್ರುತಿ, ಅಂದರೆ ಹಾಡಿಗೆ ಆಧಾರವಾದ ಸ್ವರದ ಎತ್ತರ, ಐದೂವರೆ ಮನೆ; ಮಗನಿಗೆ ಗುರುಗಳ ಐದು ಮನೆ ಶ್ರುತಿಯೇ ಆಗಬೇಕು, ಅರ್ಧ ಮನೆ ಏರಿದರೂ ಬಾಯಿ ಬಿಡುವುದಿಲ್ಲ. ಆ ತರಗತಿಗಳ ಹಣ ಮರಳುವುದಿಲ್ಲ. ಸೇರಿಸುವವರು ಬದಲಿ ಪಾಠದ ವಿಚಾರವನ್ನು ಮೊದಲೇ ಮಾತಾಡಿಕೊಳ್ಳುವುದು, ಸಾಧ್ಯವಾದರೆ ಆ ವಾರವನ್ನು ಬಿಟ್ಟು ಲೆಕ್ಕ ಹಾಕುವಂತೆ ಕೇಳುವುದು ಒಳ್ಳೆಯದು.