ಅಡುಗೆಮನೆಯ ತೂಕದ ಮಿಷನ್: ಎರಡೂವರೆ ವರ್ಷ ಬಳಸಿದ ಮೇಲೆ

ಬೈಯಬೇಕಾದ್ದನ್ನು ಮೊದಲೇ ಬೈದುಬಿಡುತ್ತೇನೆ. ಈ ಮಿಷನ್ ಎರಡು ನಿಮಿಷಕ್ಕೆ ತಾನಾಗಿ ಆರಿಹೋಗುತ್ತದೆ. ಭಾನುವಾರ ಬೆಳಿಗ್ಗೆ ತುರಿಯುವ ಮಣೆ ಹಾಕಿಕೊಂಡು ಕೂತು, ಬೋಗುಣಿಯನ್ನು ಮಿಷನ್ ಮೇಲಿಟ್ಟು ಸೊನ್ನೆಗೆ ತಂದು, ಒಂದು ಹೋಳು ತುರಿದು ಸುರಿದು ಇನ್ನೊಂದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಪರದೆ ಖಾಲಿ. ಮತ್ತೆ ಗುಂಡಿ ಒತ್ತಿದರೆ ಬೋಗುಣಿ, ಒಳಗಿರುವ ತುರಿ ಎರಡನ್ನೂ ಸೇರಿಸಿ ಸೊನ್ನೆ ತೋರಿಸುತ್ತದೆ. ಅಲ್ಲಿಯವರೆಗೆ ತೂಗಿದ್ದು ಎಷ್ಟು ಅಂತ ಗೊತ್ತಾಗುವ ದಾರಿಯೇ ಇಲ್ಲ. ಬ್ಯಾಟರಿ ಉಳಿಸುವುದಕ್ಕೆ ಹೀಗೆ ಮಾಡಿರುತ್ತಾರೆ. ಆದರೆ ಅಡುಗೆ ಮಾಡುವವರ ಕೈ ಒದ್ದೆ ಇರುತ್ತದೆ, ಮಧ್ಯೆ ಕುಕ್ಕರ್ ಕೂಗುತ್ತದೆ, ಬಾಗಿಲಿಗೆ ಯಾರೋ ಬರುತ್ತಾರೆ. ಎರಡು ನಿಮಿಷ ಯಾವ ಲೆಕ್ಕಕ್ಕೂ ಸಾಲದು. ಎರಡು ಪೆನ್ಸಿಲ್ ಸೆಲ್‌ಗೆ ಆಗುವ ಖರ್ಚನ್ನು ನಾನು ಸಂತೋಷದಿಂದ ಕೊಡುತ್ತಿದ್ದೆ, ಹತ್ತು ನಿಮಿಷ ಉರಿದಿದ್ದರೆ ಸಾಕಿತ್ತು.

ಆದರೂ ಇದನ್ನು ಎಸೆದಿಲ್ಲ. ದಿನಕ್ಕೆ ನಾಲ್ಕು ಸಲವಾದರೂ ಬಳಸುತ್ತೇನೆ. ಯಾಕೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು.

ಕೊಂಡಿದ್ದು 2023ರ ಆಗಸ್ಟ್‌ನಲ್ಲಿ, 450 ರೂಪಾಯಿಗೆ. ಐದು ಕೆಜಿವರೆಗೆ ತೂಗುತ್ತದೆ, ಒಂದೊಂದು ಗ್ರಾಂ ತೋರಿಸುತ್ತದೆ. ಅದರ ಹಿಂದಿನ ತಿಂಗಳು ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತ್ತು. ನಮ್ಮದು ತುಮಕೂರು. ಮನೆಯಲ್ಲಿ ಅತ್ತೆ, ನಾವಿಬ್ಬರು, ಇಬ್ಬರು ಮಕ್ಕಳು, ಒಟ್ಟು ಐದು ಜನ. ದಿನಸಿ, ತರಕಾರಿ, ಹಾಲು ಎಲ್ಲ ಸೇರಿ ತಿಂಗಳಿಗೆ 11,000 ಅಂತ ಇಟ್ಟುಕೊಂಡಿದ್ದೆವು. ಆ ತಿಂಗಳು ಇಪ್ಪತ್ತೆರಡನೇ ತಾರೀಖಿಗೇ ಡಬ್ಬಿ ಖಾಲಿಯಾಯಿತು. ಅದರ ಬೆನ್ನಿಗೇ, ಆಗಸ್ಟ್‌ನಲ್ಲಿ, ತಳ್ಳುಗಾಡಿಯವನೊಬ್ಬ ಕೊಟ್ಟ ಒಂದು ಕೆಜಿ ಹುರುಳಿಕಾಯಿ ಪಕ್ಕದ ಮನೆಯವರ ಮಿಷನ್‌ನಲ್ಲಿ 870 ಗ್ರಾಂ ಬಂತು. ಹೊಟ್ಟೆ ಉರಿದುಹೋಯಿತು. ದುಡ್ಡೆಲ್ಲ ಹೋಗುತ್ತಿರುವುದು ಇಲ್ಲೇ ಅಂತ ತೀರ್ಮಾನಿಸಿ ಮಾರನೆಯ ದಿನವೇ ಇದನ್ನು ತಂದೆ.

ಮೊದಲ ಮೂರು ತಿಂಗಳು ಮನೆಗೆ ಬಂದ ಪ್ರತಿ ಚೀಲವನ್ನೂ ತೂಗಿದೆ. ತರಕಾರಿಯಲ್ಲಿ ಇನ್ನೊಂದು ಸಲ ಮಾತ್ರ ಕಡಿಮೆ ಬಂತು. ನಾವು ಹನ್ನೊಂದು ವರ್ಷದಿಂದ ದಿನಸಿ ತರುವ ಅಂಗಡಿಯ ಪೊಟ್ಟಣಗಳು ಯಾವತ್ತೂ ಐದು ಹತ್ತು ಗ್ರಾಂ ಜಾಸ್ತಿಯೇ ಇದ್ದವು. ಅವರನ್ನೂ ಸಂಶಯದಿಂದ ನೋಡಿದೆನಲ್ಲ ಅಂತ ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಇಂಥ ಮಿಷನ್ ಇಟ್ಟುಕೊಂಡು ಅಂಗಡಿಯಲ್ಲಿ ಜಗಳಕ್ಕೆ ನಿಲ್ಲಬೇಡಿ. ವ್ಯಾಪಾರದ ತಕ್ಕಡಿಗೆ ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು ಅಂತ ಕಾನೂನೇ ಇದೆ, ನಮ್ಮ ಮನೆಯದಕ್ಕೆ ಅದಿಲ್ಲ. ಸರಿ ತೂಗುತ್ತಿದೆಯೋ ಇಲ್ಲವೋ ನೋಡಲು ನಾನು ಒಡೆಯದ ಒಂದು ಕೆಜಿ ಉಪ್ಪಿನ ಪ್ಯಾಕೆಟ್ ಇಡುತ್ತೇನೆ. ಕವರ್ ಸೇರಿ 1,005, 1,006 ಬಂದರೆ ಸರಿ ಇದೆ ಅಂತ.

ದುಡ್ಡು ಅಂಗಡಿಯಲ್ಲಿ ಹೋಗುತ್ತಿಲ್ಲ ಅಂದಮೇಲೆ ಇನ್ನೆಲ್ಲಿ? ಅದು ಗೊತ್ತಾಗಿದ್ದು ಅತ್ತೆಯ ಪಾವಿನಿಂದ.

ಅತ್ತೆ ಮದುವೆಯಾಗಿ ಬಂದಾಗಿನಿಂದ ಇರುವ ಹಿತ್ತಾಳೆ ಪಾವು ಅದು. ಅಕ್ಕಿ ಡಬ್ಬದೊಳಗೇ ಇರುತ್ತದೆ. ರಾತ್ರಿ ಊಟಕ್ಕೆ ಮೂರು ಪಾವು. ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನ ಆಗುತ್ತಿತ್ತು, ಇಲ್ಲದಿದ್ದರೆ ಹಸುವಿಗೆ. ಒಂದು ವಾರ ಪ್ರತಿ ರಾತ್ರಿ ಉಳಿದ ಅನ್ನವನ್ನು ತೂಗಿ ಕ್ಯಾಲೆಂಡರ್ ಮೇಲೆ ಬರೆದೆ. ಒಂದು ದಿನ 310 ಗ್ರಾಂ, ಒಂದು ದಿನ 390, ಹೀಗೆ. ನಮ್ಮ ಮನೆಯಲ್ಲಿ ನೂರು ಗ್ರಾಂ ಅಕ್ಕಿಗೆ 270 ಗ್ರಾಂ ಅನ್ನ ಆಗುತ್ತದೆ. ಅಂದರೆ ದಿನಕ್ಕೆ ಹತ್ತಿರ ಹತ್ತಿರ 130 ಗ್ರಾಂ ಅಕ್ಕಿಯನ್ನು ಹೆಚ್ಚಾಗಿ ಬೇಯಿಸುತ್ತಿದ್ದೆವು, ತಿಂಗಳಿಗೆ ನಾಲ್ಕು ಕೆಜಿ. ಆಮೇಲೆ ಪಾವನ್ನೇ ತೂಗಿದೆ. ತಲೆ ಸವರಿದರೆ 214 ಗ್ರಾಂ. ಅತ್ತೆ ಅಳೆಯುವ ಹಾಗೆ ತಲೆತುಂಬ ತೆಗೆದರೆ 252. ಮೂರು ಪಾವಿಗೆ 114 ಗ್ರಾಂ ವ್ಯತ್ಯಾಸ. ಉಳಿಯುತ್ತಿದ್ದ ಅನ್ನದ ಲೆಕ್ಕ ಹೆಚ್ಚುಕಮ್ಮಿ ಪೂರ್ತಿ ಅಲ್ಲೇ ಸಿಕ್ಕಿತು.

ಇದನ್ನು ಅತ್ತೆಗೆ ಹೇಗೆ ಹೇಳುವುದು ಅಂತ ಎರಡು ದಿನ ಯೋಚಿಸಿದೆ. ಕೊನೆಗೆ ಅವರ ಕೈಯಲ್ಲೇ ಎರಡು ಥರವೂ ಅಳೆಸಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಅಂಕಿ ನೋಡಿ ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು, "ತಲೆ ಸವರಿ ಅಳೆದ್ರೆ ಮನೆಗೆ ಏಳಿಗೆ ಇಲ್ಲ ಅಂತ ನಮ್ಮತ್ತೆ ಹೇಳೋರು ಕಣಮ್ಮ. ಹೊತ್ತಲ್ಲದ ಹೊತ್ತಲ್ಲಿ ಯಾರಾದ್ರೂ ಬಂದ್ರೆ ಏನಿಕ್ಕೋದು?" ಅಂದರು.

"ಬಂದ್ರೆ ಇನ್ನೊಂದು ಪಾವು ಇಟ್ರಾಯ್ತು ಅತ್ತೆ, ಹದಿನೈದು ನಿಮಿಷದ ಕೆಲಸ" ಅಂದೆ.

ಅವರು ಒಪ್ಪಿದ ರೀತಿ ನನಗೆ ತುಂಬ ಇಷ್ಟವಾಯಿತು. ಮೊದಲನೇ ಪಾವು ಈಗಲೂ ತಲೆತುಂಬ. ಎರಡನೆಯದಕ್ಕೂ ಮೂರನೆಯದಕ್ಕೂ ತೋರುಬೆರಳಿಂದ ತಲೆ ಸವರುತ್ತಾರೆ, ಸವರಿದ ಅಕ್ಕಿ ಸರಸರ ಅಂತ ಡಬ್ಬದೊಳಕ್ಕೆ ಬೀಳುತ್ತದೆ. ತಿಂಗಳಿಗೆ ಎರಡು ಕೆಜಿಗೂ ಮೇಲೆ ಉಳಿಯಿತು. ಚಿತ್ರಾನ್ನ ಬೇಕೆನಿಸಿದ ದಿನ ಅದಕ್ಕೆಂದೇ ಅನ್ನ ಮಾಡುತ್ತೇವೆ.

ಇಲ್ಲಿಂದ ಮುಂದೆ ನನ್ನ ಲೆಕ್ಕವೇ ಬೇರೆ ಕಡೆ ತಿರುಗಿತು. ಉಳಿಸಬೇಕು ಅಂತ ತೂಗಲು ಹೊರಟವಳಿಗೆ ನಾವು ಏನನ್ನು ಕಡಿಮೆ ತಿನ್ನುತ್ತಿದ್ದೇವೆ ಅನ್ನುವುದೂ ಕಂಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, ದಿನಕ್ಕೆ 2,000 ಕ್ಯಾಲೊರಿ ಬೇಕಾದ ಒಬ್ಬರಿಗೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ, 27 ಗ್ರಾಂ ಎಣ್ಣೆ ಅಂತ ಇದೆ. ಅದನ್ನು ಕಾಗದದ ಮೇಲೆ ಬರೆದು ಫ್ರಿಜ್‌ಗೆ ಅಂಟಿಸಿ ಒಂದು ವಾರ ನಮ್ಮದನ್ನು ತೂಗಿದೆ. ಅಕ್ಕಿ, ರಾಗಿ, ರವೆ ಸೇರಿ ಧಾನ್ಯ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ. ಎಣ್ಣೆ ತಲೆಗೆ 30 ಗ್ರಾಂ, ಅದೂ ಪರವಾಗಿಲ್ಲ. ಬೇಳೆ? ಐದು ಜನಕ್ಕೆ ದಿನಕ್ಕೆ 110 ಗ್ರಾಂ ತೊಗರಿಬೇಳೆ. ತಲೆಗೆ 22 ಗ್ರಾಂ. ಹೈಸ್ಕೂಲಿಗೆ ಹೋಗುವ, ಬೆಳೆಯುವ ವಯಸ್ಸಿನ ಮಗಳ ತಟ್ಟೆಗೂ ಅಷ್ಟೇ ಬೀಳುತ್ತಿತ್ತು. ಗಟ್ಟಿಯಾಗಿ ಹುಳಿ ಮಾಡುವ ಮನೆ ನಮ್ಮದು ಅಂದುಕೊಂಡಿದ್ದೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ತೊಗರಿಬೇಳೆಯನ್ನೇ ಹತ್ತಿರ ಹತ್ತಿರ ನಾಲ್ಕು ಪಟ್ಟು ತರುವಂತಿರಲಿಲ್ಲ, ಆಗ ನಮ್ಮ ಅಂಗಡಿಯಲ್ಲಿ ಕೆಜಿಗೆ 170. ಅದಕ್ಕೆ ಅಕ್ಕಿಯಲ್ಲಿ ಉಳಿದ ದುಡ್ಡನ್ನು ಕಾಳಿಗೆ ಹಾಕಿದೆ. ಹುರುಳಿ ಆಗ ತೊಗರಿಬೇಳೆಯ ಅರ್ಧ ಬೆಲೆಗೆ ಸಿಗುತ್ತಿತ್ತು. ಸೋಮವಾರ ಮೊಳಕೆ ಹುರುಳಿಯ ಬಸ್ಸಾರು, ಬುಧವಾರ ಹೆಸರುಕಾಳಿನ ಉಸಲಿ, ಶುಕ್ರವಾರ ಅಲಸಂದೆ. ಹಿಂದಿನ ರಾತ್ರಿ 250 ಗ್ರಾಂ ತೂಗಿ ನೆನೆಹಾಕುವ ಕೆಲಸ ಮಗನದು. ಅವನು 250 ಅಂದರೆ 250 ಬರಬೇಕು ಅಂತ ಒಂದೊಂದೇ ಕಾಳು ತೆಗೆಯುತ್ತಾನೆ, ಹಾಕುತ್ತಾನೆ. ಮೊಳಕೆ ಬಂದ ಮೇಲೆ ಮತ್ತೆ ತೂಗಿ "ಅಮ್ಮಾ, 530!" ಅಂತ ಕೂಗುತ್ತಾನೆ. ನೀರು ಕುಡಿದು ತೂಕ ಬಂದಿದ್ದು ಅಂತ ಅವನಿಗೂ ಗೊತ್ತು, ಆದರೂ ಪ್ರತಿ ಸಲ ಕೂಗುತ್ತಾನೆ. 85 ಗ್ರಾಂ ಇನ್ನೂ ಮುಟ್ಟಿಲ್ಲ. ಕಾಳಿನ ದಿನ ತಲೆಗೆ 60, 70ಕ್ಕೆ ಬಂದಿದ್ದೇವೆ.

ತೆಂಗಿನಕಾಯಿಯ ಕಥೆ ಹೇಳದೆ ತುಮಕೂರಿನವಳು ಬರೆದದ್ದು ಪೂರ್ತಿಯಾಗುವುದಿಲ್ಲ. 2025ರಲ್ಲಿ ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 25 ಸಾವಿರ ದಾಟಿದಾಗ, ಅಡುಗೆಯ ಕಾಯಿಯೂ ಅದರ ಹಿಂದೆಯೇ ಏರಿತು. ಕಾಯಿಯ ಜಿಲ್ಲೆಯಲ್ಲಿದ್ದೂ ಕೆಜಿಗೆ 60 ಕೊಟ್ಟು ತಂದೆವು. ಒಂದು ಕಾಯಿ 560 ಗ್ರಾಂ ಇದ್ದರೆ, ಚಿಪ್ಪು, ನೀರು ಕಳೆದು ಕೈಗೆ ಬರುವ ತುರಿ 250 ಗ್ರಾಂ. ನೂರು ಗ್ರಾಂ ತುರಿಗೆ ಹದಿಮೂರೂವರೆ ರೂಪಾಯಿ ಬಿತ್ತು. ಇದು ಗೊತ್ತಾದ ಮೇಲೆ ಕಾಯಿಯನ್ನು ಕಣ್ಣಂದಾಜಲ್ಲಿ ಹಾಕುವುದು ನಿಂತುಹೋಯಿತು. ಭಾನುವಾರ ನಾಲ್ಕು ಕಾಯಿ ಒಡೆದು ಎಲ್ಲವನ್ನೂ ತುರಿದು, 80 ಗ್ರಾಂನಂತೆ ಪುಟ್ಟ ಡಬ್ಬಿಗಳಿಗೆ ತುಂಬಿ ಫ್ರೀಜರ್‌ನಲ್ಲಿಡುತ್ತೇನೆ. ವಾರಕ್ಕೆ ಹನ್ನೆರಡು ಡಬ್ಬಿ. ಚಟ್ನಿಗೊಂದು, ಪಲ್ಯಕ್ಕೆ ಅರ್ಧ, ಹುಳಿಗೊಂದು. ಮೊದಲು ಚಟ್ನಿಗೆ 120 ಗ್ರಾಂ ತುರಿ ಹೋಗುತ್ತಿತ್ತು. ಈಗ 80, ಜೊತೆಗೆ ಹುರಿಗಡಲೆ 40. ಮಕ್ಕಳಿಗೆ ಗೊತ್ತೇ ಆಗಲಿಲ್ಲ. ಅತ್ತೆ ಮೊದಲ ತುತ್ತಿಗೇ "ಕಾಯಿ ಕಮ್ಮಿ" ಅಂದರು.

ಎರಡು ನಿಮಿಷಕ್ಕೆ ಆರುವ ಕಾಟ ಹೆಚ್ಚಾಗಿದ್ದು ಈ ಭಾನುವಾರಗಳಲ್ಲೇ. ಅದಕ್ಕೆ ಉಪಾಯ ಹೇಳಿಕೊಟ್ಟವಳು ಮಗಳು. ಖಾಲಿ ಪಾತ್ರೆಯ ತೂಕವನ್ನು ಅದರ ತಳದಲ್ಲೇ ಬರೆದುಬಿಟ್ಟರೆ ಸೊನ್ನೆಗೆ ತರುವ ಗೊಡವೆಯೇ ಇಲ್ಲವಲ್ಲ ಅಂದಳು. ಒಂದು ಮಧ್ಯಾಹ್ನ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಬೋರಲು ಹಾಕಿಕೊಂಡು ಕೂತು, ತೂಗಿ, ಅವಳ ಕೆಂಪು ಉಗುರುಬಣ್ಣದಲ್ಲಿ ಬರೆದೆವು. ದೊಡ್ಡ ಬೋಗುಣಿ 412. ಹುಳಿಯ ಪಾತ್ರೆ 688. ಅತ್ತೆಯ ಹಿತ್ತಾಳೆ ಪಾವಿನ ತಳಕ್ಕೆ ಮಾತ್ರ ಬರೆಯಲು ಅವರು ಬಿಡಲಿಲ್ಲ. ಈಗ ಮಿಷನ್ ಆರಿದರೆ ಆರಲಿ, ಮತ್ತೆ ಹಚ್ಚಿ ಪಾತ್ರೆ ಇಟ್ಟು ತಳದ ಅಂಕಿ ಕಳೆದರೆ ಮುಗಿಯಿತು. ಗ್ಯಾಸ್ ಉರಿ ತಾಗುವ ಪಾತ್ರೆಗಳಲ್ಲಿ ಬಣ್ಣ ನಿಲ್ಲುವುದಿಲ್ಲ, ಅವುಗಳ ತೂಕ ಶೆಲ್ಫಿನ ಬಾಗಿಲಿನ ಒಳಗಡೆ ಇದೆ.

ಅವರೆಕಾಯಿಯಲ್ಲಿ ಮಾತ್ರ ನನ್ನ ಲೆಕ್ಕಕ್ಕೆ ಮನೆಯವರು ಸೊಪ್ಪು ಹಾಕಲಿಲ್ಲ. ಒಂದು ಕೆಜಿ ಕಾಯಿ ಸುಲಿದರೆ 400 ಗ್ರಾಂ ಕಾಳು. ಕಾಯಿ 60 ರೂಪಾಯಿ ಇದ್ದ ದಿನ ಕಾಳಿಗೆ ಕೆಜಿಗೆ 150 ಬಿದ್ದಂತೆ. ಅದೇ ದಿನ ಸುಲಿದ ಕಾಳು ಮಾರ್ಕೆಟ್ಟಿನಲ್ಲಿ 160. ಹತ್ತು ರೂಪಾಯಿಗೆ ಒಂದೂವರೆ ಗಂಟೆ ಕೂತು ಸುಲಿಯುವುದು ಯಾಕೆ ಅಂದೆ. ಯಾರೂ ಕೇಳಲಿಲ್ಲ. ಡಿಸೆಂಬರ್ ಬಂದರೆ ಇವರು ಅಂತರಸನಹಳ್ಳಿ ಮಾರುಕಟ್ಟೆಯಿಂದ ಸೊಗಡಿನ ಕಾಯಿ ಐದು ಕೆಜಿ ಹೊತ್ತು ತರುತ್ತಾರೆ, ಪೇಪರ್ ಹರಡಿ ಎಲ್ಲರೂ ಸುತ್ತ ಕೂರುತ್ತೇವೆ. ಮಾರನೆಯ ದಿನವೂ ಬೆರಳಲ್ಲಿ ಸೊಗಡು ಇರುತ್ತದೆ. ಈಗ ನಾನೂ ಕೇಳುವುದು ಬಿಟ್ಟಿದ್ದೇನೆ.

ಹಾಲಿನ ಲೆಕ್ಕಕ್ಕೂ ಇದು ಒದಗಿತು. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್‌ಗೆ 50 ಮಿ.ಲೀ. ಸೇರಿ ಎರಡು ರೂಪಾಯಿ ಏರಿತಲ್ಲ, ನಾವು ದಿನಕ್ಕೆ ಅರ್ಧ ಲೀಟರಿನ ಮೂರು ತರುವವರು. ಹೆಚ್ಚು ಬಂದ 150 ಮಿ.ಲೀ.ಯನ್ನು ಮೊಸರಿಗೆ ಸೇರಿಸುವ ಅಭ್ಯಾಸವಾಯಿತು. 2025ರ ಏಪ್ರಿಲ್‌ನಲ್ಲಿ ಅಳತೆ ಮೊದಲಿನಂತಾಗಿ ದರವೂ ಏರಿದಾಗ ಮೊಸರು ಯಾಕೆ ಸಾಲುತ್ತಿಲ್ಲ ಅಂತ ನಾವು ತಲೆ ಕೆಡಿಸಿಕೊಳ್ಳಲಿಲ್ಲ, ಎಲ್ಲಿ ಕಡಿಮೆಯಾಯಿತು ಅಂತ ಗೊತ್ತಿತ್ತು. ಸಂಜೆಯ ಕಾಫಿ ಒಂದು ಸುತ್ತು ಬಿಟ್ಟೆವು.

ಅಂಗಡಿಗೆ ಹೋದಾಗ ಪ್ಯಾಕೆಟ್ ಹಿಂದೆ ನೋಡುವುದನ್ನೂ ಇದೇ ಕಲಿಸಿತು. ಎಣ್ಣೆ ಒಂದು ಲೀಟರ್ ಅಂದರೆ ಸುಮಾರು 910 ಗ್ರಾಂ. ಈಗ ಪಕ್ಕದಲ್ಲೇ 850 ಮಿ.ಲೀ. ಪ್ಯಾಕೆಟ್ ಇರುತ್ತದೆ, ನೋಡಲು ಎರಡೂ ಒಂದೇ ಗಾತ್ರ. ಎಂಆರ್‌ಪಿ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಗ್ರಾಂಗೆ ಇಷ್ಟು, ಮಿ.ಲೀ.ಗೆ ಇಷ್ಟು ಅಂತ ಅಚ್ಚಾಗಿರುವ ದರವನ್ನು ಹೋಲಿಸಿ ಕೊಳ್ಳಿ. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅಂತ ನಾನು ನಂಬಿದ್ದೆ, ಅದು ಎಲ್ಲದಕ್ಕೂ ನಿಜವಲ್ಲ.

ಉಳಿದ ಕೊರತೆಗಳು ಸಣ್ಣವು. ಇಂಗು, ಏಲಕ್ಕಿಯಂಥ ಎರಡು ಮೂರು ಗ್ರಾಂ ಸರಕು ಇಟ್ಟರೆ ಅಲುಗುವುದೇ ಇಲ್ಲ. ಬಿಸಿ ಪಾತ್ರೆ ಇಟ್ಟರೆ ಅಂಕಿ ನಿಲ್ಲದೆ ಓಡುತ್ತದೆ. ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿದೆ, ಅದು ನನ್ನ ಕೈಯಿಂದ ಬಿದ್ದು ಆದದ್ದು.

ಬೆಲೆಗಳು ಇಷ್ಟು ಏರಿದರೂ ನಮ್ಮ ತಿಂಗಳ ಖರ್ಚು ಈಗ 11,500ರ ಒಳಗಿದೆ, ಅದರಲ್ಲೇ ಕಾಳೂ ಬರುತ್ತಿದೆ. ಇಬ್ಬರೇ ಇರುವ ಮನೆಗೆ, ಹೊರಗೆ ಉಣ್ಣುವುದೇ ಹೆಚ್ಚು ಅನ್ನುವವರಿಗೆ ಇದರ ಅಗತ್ಯ ಕಾಣುವುದಿಲ್ಲ. ನಾಲ್ಕೈದು ಜನ ದಿನವೂ ಮನೆಯಲ್ಲಿ ಉಣ್ಣುವುದಾದರೆ ಖಂಡಿತ ಕೊಳ್ಳಿ. ಕೊಳ್ಳುವ ಮೊದಲು ಅಂಗಡಿಯವರನ್ನು ಒಂದು ಮಾತು ಕೇಳಿ, ಎಷ್ಟು ಹೊತ್ತಿಗೆ ಆರುತ್ತದೆ ಅಂತ. ಅವರಿಗೆ ಗೊತ್ತಿಲ್ಲದಿದ್ದರೆ ಸೆಲ್ ಹಾಕಿಸಿ, ಕೌಂಟರ್ ಮೇಲಿಟ್ಟು, ಅದು ಆರುವವರೆಗೆ ಅಲ್ಲೇ ನಿಂತುಕೊಳ್ಳಿ.