ಸಾಕೆಟ್ ಹೀಟರ್, ಗ್ರಿಲ್ ಮುಚ್ಚಳ, ಬ್ಲಾಕ್ ಹೀಟರ್: ಬಿಸಿಯಾಗದ ಹೈಬ್ರಿಡ್ ಕಾರಿಗೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬ್ಲಾಕ್ ಹೀಟರ್‌ಗೆ. ಎಂಜಿನ್ನಿನ ಮೈಗೆ ತೂರಿಸಿ ಇಡುವ, ಮನೆಯ ಕರೆಂಟಿನಲ್ಲಿ ನಡೆಯುವ ಪುಟ್ಟ ಹೀಟರ್ ಅದು. ಅದಕ್ಕೂ ಮುಂಚೆ, ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಹೀಟರ್ ಒಂದನ್ನು ಕೊಂಡು ಕೈ ಸುಟ್ಟುಕೊಂಡೆ. ಸುಟ್ಟುಕೊಂಡೆ ಅನ್ನುವುದು ಬರೀ ಮಾತಿಗೆ. ಅದರಿಂದ ಕೈ ಬೆಚ್ಚಗೂ ಆಗಲಿಲ್ಲ.

ನನ್ನ ಓಡಾಟ ಚಿಕ್ಕದು. ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು, ಅಲ್ಲಿಂದ ಆಫೀಸಿಗೆ. ಒಟ್ಟು ಏಳು ಕಿಲೋಮೀಟರ್, ದಾರಿ ತುಂಬ ಸಿಗ್ನಲ್. ಹೊರಗೆ ಮೈನಸ್ 5, ಮೈನಸ್ 6. ಹೀಟರ್ ಪೂರ್ತಿ ತಿರುಗಿಸಿದರೂ ಬರುವುದು ತಣ್ಣನೆ ಗಾಳಿ. ಹಿಂದಿನ ಸೀಟಿನಿಂದ ದಿನಾ ಒಂದೇ ಪ್ರಶ್ನೆ: "ಅಪ್ಪಾ, ಇವತ್ತೂ ಸ್ಕೂಲ್ ಬಂದ ಮೇಲೇನಾ ಬಿಸಿ ಬರೋದು?"

ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ಮೋಟರ್ ಕೂಡ ಇರುವ ಹೈಬ್ರಿಡ್ ಕಾರಿಗೆ ಇದು ಹುಟ್ಟುಗುಣ. ಕಾರಿನ ಒಳಗೆ ಬರುವ ಬಿಸಿ ಅಂದರೆ ಎಂಜಿನ್ ಬಳಸದೆ ಬಿಸಾಡುವ ಶಾಖ. ಎಂಜಿನ್ನಿನಲ್ಲಿ ಸುತ್ತುವ ದ್ರವ, ಅಂದರೆ ಕೂಲೆಂಟ್, ಆ ಶಾಖವನ್ನು ಹೊತ್ತು ಡ್ಯಾಶ್‌ಬೋರ್ಡ್ ಹಿಂದಿರುವ ಪುಟ್ಟ ರೇಡಿಯೇಟರಿಗೆ, ಅಂದರೆ ಹೀಟರ್ ಕೋರ್‌ಗೆ ತರುತ್ತದೆ. ಅದರ ಮೇಲೆ ಫ್ಯಾನ್ ಗಾಳಿ ಹಾಯಿಸುತ್ತದೆ, ಅಷ್ಟೇ. ಹೈಬ್ರಿಡ್ ಎಂಜಿನ್ ಬಿಸಾಡುವುದೇ ಕಡಿಮೆ. ಟೊಯೋಟಾ ತನ್ನ ನಾಲ್ಕನೇ ತಲೆಮಾರಿನ ಪ್ರಿಯಸ್ ಹೈಬ್ರಿಡ್‌ನ ಎಂಜಿನ್ ಪೆಟ್ರೋಲಿನ ಶಕ್ತಿಯಲ್ಲಿ ಗರಿಷ್ಠ ಶೇ. 40ರಷ್ಟನ್ನು ಕೆಲಸಕ್ಕೆ ಬಳಸುತ್ತದೆ ಅಂದಿತ್ತು. ಮೈಲೇಜಿಗೆ ಒಳ್ಳೆಯದು, ಕಾಲ್ಬೆರಳಿಗೆ ಕೆಟ್ಟದ್ದು. ಅದರ ಮೇಲೆ ಸಿಗ್ನಲ್ಲಿನಲ್ಲಿ ಎಂಜಿನ್ ನಿಂತೇ ಹೋಗುತ್ತದೆ. ಒಲೆ ಆರಿಸಿ ಆರಿಸಿ ನೀರು ಕಾಯಿಸಿದ ಹಾಗೆ.

ಕಂಪನಿಗಳಿಗೂ ಇದು ಗೊತ್ತಿಲ್ಲದ ಸಂಗತಿಯಲ್ಲ. ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಬಿಸಿ ಕೂಲೆಂಟ್ ಹಿಡಿದಿಡಲು ಸುಮಾರು 3 ಲೀಟರಿನ ಫ್ಲಾಸ್ಕನ್ನೇ ಇಟ್ಟಿದ್ದರು. ಮೂರನೆಯದರಲ್ಲಿ ಅದನ್ನು ಬಿಟ್ಟು, ಸೈಲೆನ್ಸರಿನ ಕಡೆ ಹೋಗುವ ಬಿಸಿ ಹೊಗೆಯಿಂದಲೇ ಕೂಲೆಂಟ್ ಕಾಯಿಸುವ ಏರ್ಪಾಡು ತಂದರು. ಫ್ಲಾಸ್ಕ್ ಐಡಿಯಾ ನನಗೆ ಈಗಲೂ ಇಷ್ಟ.

ಸರಿ, ನಾನು ಏನೇನು ಮಾಡಿ ನೋಡಿದೆ ಅನ್ನುವುದಕ್ಕೆ ಬರುತ್ತೇನೆ.

ಸಾಕೆಟ್ ಹೀಟರ್. ಡಬ್ಬದ ಮೇಲೆ "ತಕ್ಷಣ ಬಿಸಿ" ಅಂತ ಬರೆದಿತ್ತು. ಕೊಳ್ಳುವ ಮುಂಚೆ ಒಂದು ಗುಣಾಕಾರ ಮಾಡಬೇಕಿತ್ತು. ಸಾಕೆಟ್ 12 ವೋಲ್ಟ್, ಅದರ ಫ್ಯೂಸ್ 10 ಆಂಪಿಯರ್. ಅಂದರೆ 120 ವಾಟ್. ಕೂದಲು ಒಣಗಿಸುವ ಡ್ರೈಯರ್ ಕೂಡ ಸಾವಿರ ವಾಟ್ ದಾಟುತ್ತದೆ, ಅಲ್ವಾ? ಕೊರೆಯುವ ಚಳಿಯಲ್ಲಿ ನಿಂತ ಕಾರನ್ನು ಬೇಗ ಬೆಚ್ಚಗೆ ಮಾಡಲು ಕೆಲವು ಸಾವಿರ ವಾಟ್ ಬೇಕು. 120 ವಾಟಿನಲ್ಲಿ ಗಾಜಿನ ಮೇಲೆ ಅಂಗೈಯಗಲ ಮಂಜು ಕರಗಿತು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಒಂದು ದಿನ ಬುದ್ಧಿವಂತಿಕೆ ತೋರಿಸಲು ಹೋಗಿ, ಕಾರನ್ನು ರೆಡಿ ಮೋಡಿಗೆ (ಓಡಲು ಸಿದ್ಧ ಸ್ಥಿತಿಗೆ) ತರದೆ, ಬರೀ ರೇಡಿಯೋ, ಸಾಕೆಟ್ ನಡೆಯುವ ಆಕ್ಸೆಸರಿಯಲ್ಲಿಟ್ಟು ಈ ಹೀಟರ್ ಹಾಕಿ ಒಳಗೆ ಹೋದೆ. ಹೈಬ್ರಿಡ್‌ನಲ್ಲಿ ದೊಡ್ಡ ಬ್ಯಾಟರಿಯ ಜೊತೆಗೆ 12 ವೋಲ್ಟಿನ ಚಿಕ್ಕ ಬ್ಯಾಟರಿಯೂ ಇರುತ್ತದೆ. ಕಾರು ರೆಡಿ ಆಗಿದ್ದಾಗ ಮಾತ್ರ ದೊಡ್ಡದು ಚಿಕ್ಕದನ್ನು ತುಂಬಿಸುತ್ತದೆ. ಇಲ್ಲದಿದ್ದರೆ ಎಲ್ಲ ಭಾರ ಚಿಕ್ಕದರ ಮೇಲೆ. ವಾಪಸ್ ಬಂದಾಗ ಬ್ಯಾಟರಿ ಮಲಗಿತ್ತು. ದೊಡ್ಡ ಬ್ಯಾಟರಿಯಲ್ಲಿ ಬೇಕಾದಷ್ಟು ಚಾರ್ಜ್ ಇದ್ದರೂ ಕಾರು ಏಳಲಿಲ್ಲ. ಪಕ್ಕದ ಮನೆಯವರ ಕಾರಿನಿಂದ ಜಂಪ್ ಮಾಡಿಸಿಕೊಂಡು ಹೊರಟೆ.

ನಿಲ್ಲಿಸಿಯೇ ಬಿಸಿ ಮಾಡುವುದು. ಹತ್ತು ನಿಮಿಷ ಮುಂಚೆ ಕಾರು ಶುರು ಮಾಡಿ ಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಖರ್ಚಿಲ್ಲ ಅನ್ನಿಸುತ್ತದೆ, ಆದರೆ ಪೆಟ್ರೋಲ್ ಹೋಗುತ್ತದೆ. ನಿಂತ ಎಂಜಿನ್ನಿಗೆ ಕೆಲಸವೇ ಇಲ್ಲದ್ದರಿಂದ ಅದು ಬಿಸಿಯಾಗುವುದೂ ನಿಧಾನ. ಮೆಲ್ಲಗೆ ಓಡಿಸುತ್ತಾ ಹೋದರೆ ಅದಕ್ಕಿಂತ ಬೇಗ ಬಿಸಿಯಾಗುತ್ತದೆ. ಒಂದು ವಾರ ಹೀಗೆ ಮಾಡಿದೆ, ಮೈಲೇಜ್ ಲೀಟರಿಗೆ 3 ಕಿಲೋಮೀಟರ್ ಇಳಿಯಿತು. ಮುಚ್ಚಿದ ಗ್ಯಾರೇಜಿನಲ್ಲಂತೂ ಇದನ್ನು ಮಾಡಲೇಬೇಡಿ. ಹೈಬ್ರಿಡ್ ಎಂಜಿನ್ ಸದ್ದಿಲ್ಲದೆ ತಾನೇ ಶುರುವಾಗುತ್ತದೆ, ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಜೀವಕ್ಕೇ ಅಪಾಯ.

ಗ್ರಿಲ್ ಮುಚ್ಚುವುದು. ಪೈಪಿಗೆ ಸುತ್ತುವ ಫೋಮ್ ಕತ್ತರಿಸಿ ಮುಂದಿನ ಗ್ರಿಲ್ಲಿನ ಸಂದಿಗೆ ತುರುಕುವುದು. ತೀರಾ ಅಗ್ಗ. ಹೆದ್ದಾರಿಯಲ್ಲಿ ದಿನಾ ಓಡಿಸುವವರಿಗೆ ನಿಜಕ್ಕೂ ಉಪಯೋಗ, ಏಕೆಂದರೆ ತಣ್ಣನೆ ಗಾಳಿ ಎಂಜಿನ್ನಿಗೆ ಬಡಿಯುವುದು ತಪ್ಪುತ್ತದೆ. ನನ್ನ ಸಿಗ್ನಲ್ ದಾರಿಯಲ್ಲಿ ಹೆಚ್ಚು ಕಡಿಮೆ ಒಂದು ನಿಮಿಷದ ವ್ಯತ್ಯಾಸ. ಪೂರ್ತಿ ಮುಚ್ಚಬಾರದು, ಬಿಸಿಲು ಬಂದ ದಿನ ತೆಗೆಯಬೇಕು. ಹೊಸ ಕಾರುಗಳು ಕೆಲವಲ್ಲಿ ತಾವೇ ಮುಚ್ಚಿ ತೆರೆಯುವ ಶಟರ್ ಇರುತ್ತದೆ, ಅಂಥವರು ಸುಮ್ನೆ ಇರಿ.

ಬಿಸಿ ಸೀಟ್ ಕವರ್. ಇದೂ ಸಾಕೆಟ್ಟಿನದೇ, ಐವತ್ತು ಚಿಲ್ಲರೆ ವಾಟ್. ಆದರೆ ಗಾಳಿ ಕಾಯಿಸಲು ಹೋಗುವುದಿಲ್ಲ, ನೇರ ಬೆನ್ನು ಕಾಯಿಸುತ್ತದೆ. ಎರಡೇ ನಿಮಿಷ. ಮಕ್ಕಳ ಕಾರ್ ಸೀಟಿನ ಕೆಳಗೆ ಇಡುವಂತಿಲ್ಲ, ಹಾಗಾಗಿ ಮಗಳಿಗೆ ಇದರಿಂದ ಏನೂ ಇಲ್ಲ.

ಈಗ ಬ್ಲಾಕ್ ಹೀಟರ್. ನನ್ನ ಕಾರಿನ ಎಂಜಿನ್ ಬ್ಲಾಕಿನಲ್ಲಿ ಇದಕ್ಕಂತಲೇ ಒಂದು ಕುಳಿ ಬಿಟ್ಟಿದ್ದಾರೆ. ಶಾಖ ದಾಟುವ ಪೇಸ್ಟ್ ಹಚ್ಚಿ ಅದರೊಳಗೆ ತೂರಿಸಿದರೆ ಆಯಿತು. 400 ವಾಟ್. ಹೊರಡುವ ಎರಡೂವರೆ ಗಂಟೆ ಮುಂಚೆ ಟೈಮರ್ ಅದನ್ನು ಶುರು ಮಾಡುತ್ತದೆ. ಲೆಕ್ಕ ಹಾಕಿ, ದಿನಕ್ಕೆ ಸರಿಯಾಗಿ 1 ಯೂನಿಟ್ ಕರೆಂಟ್. ರಾತ್ರಿಯೆಲ್ಲ ಹಾಕಿಟ್ಟರೆ ಜಾಸ್ತಿ ಬಿಸಿಯಾಗುತ್ತದೆ ಅಂದುಕೊಳ್ಳಬೇಡಿ. ಒಂದು ಹಂತದಲ್ಲಿ ಹೀಟರ್ ಕೊಡುವಷ್ಟು ಶಾಖ ಚಳಿ ತಿನ್ನುತ್ತದೆ, ಅಲ್ಲಿಗೆ ನಿಂತಿತು. ಆಮೇಲೆ ಬರೀ ಬಿಲ್ ಏರುತ್ತದೆ.

ಹಾಕಿಸಿದ ಮೊದಲ ಬೆಳಿಗ್ಗೆ ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಫೋನಿಗೆ ಕಳಿಸುವ ಓಬಿಡಿ ಡಾಂಗಲ್ ಸಿಕ್ಕಿಸಿ ನೋಡಿದೆ. ಹೊರಗೆ ಮೈನಸ್ 6, ಕೂಲೆಂಟ್ 24 ಡಿಗ್ರಿ! ಖುಷಿಯಿಂದ ಹೊರಟೆ. ಎರಡನೇ ಸಿಗ್ನಲ್ ಬರುವಷ್ಟರಲ್ಲಿ ಬಿಸಿ ಗಾಳಿ ಬಂತು. ಸಿಗ್ನಲ್ಲಿನಲ್ಲಿ ನಿಂತೆವು, ಗಾಳಿ ತಣ್ಣಗಾಯಿತು. ಹೊರಟೆವು, ಬಿಸಿ. ನಿಂತೆವು, ತಣ್ಣಗೆ. ಶಾಲೆ ಬಂತು. ಹಿಂದಿನ ಸೀಟಿನವಳು ಏನೂ ಹೇಳಲಿಲ್ಲ, ಅದೇ ಇನ್ನೂ ಬೇಜಾರು.

ಹೀಟರ್ ವಾಪಸ್ ಮಾಡೋಣ ಅಂತ ಡಬ್ಬ ಹುಡುಕಿದ್ದೂ ಆಯಿತು. ಆದರೆ ಫೋನಿನ ಅಂಕಿ ಒಂದು ಕಾಡುತ್ತಿತ್ತು. ಕೂಲೆಂಟ್ 65 ಡಿಗ್ರಿ ತೋರಿಸುವಾಗಲೂ ಗಾಳಿ ತಣ್ಣಗಿತ್ತು. ಎಂಜಿನ್ ಬಿಸಿ ಇದೆ, ಬಿಸಿ ಒಳಗೆ ಬರುತ್ತಿಲ್ಲ. ಅಂದರೆ ತೊಂದರೆ ಶಾಖ ಹುಟ್ಟಿಸುವುದರಲ್ಲಿ ಇಲ್ಲ, ಸಾಗಿಸುವುದರಲ್ಲಿ ಇದೆ. ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಮೇಲೆ ಅನುಮಾನ ಪಡಲು ಆಗಲಿಲ್ಲ. ಅದು ತೆರೆದೇ ಕೂತಿದ್ದರೆ ಕೂಲೆಂಟ್ ಸರಿಯಾಗಿ ಬಿಸಿಯೇರುವುದಿಲ್ಲ, ಬಹಳ ಸಲ ಪಿ0128 ಅನ್ನುವ ದೋಷದ ಕೋಡ್ ಕೂಡ ಬರುತ್ತದೆ. ನನ್ನದು ಎಂಬತ್ತು ದಾಟುತ್ತಿತ್ತು, ಕೋಡ್ ಇಲ್ಲ. ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿದೆ, ಕೊಳೆ ಇತ್ತು, ಬದಲಾಯಿಸಿದೆ. ಗಾಳಿಯ ರಭಸ ಹೆಚ್ಚಾಯಿತು, ತಣ್ಣನೆ ಗಾಳಿಯ ರಭಸ.

ಕೂಲೆಂಟ್ ಕಡಿಮೆ ಇರಬಹುದು ಅಂತ ಬೋನೆಟ್ ಎತ್ತಿದೆ. ಪಾರದರ್ಶಕ ಟ್ಯಾಂಕ್, ಗುಲಾಬಿ ನೀರು, ಎರಡು ಗೆರೆಯ ನಡುವೆ ಸರಿಯಾಗಿ ನಿಂತಿದೆ. ಬೋನೆಟ್ ಮುಚ್ಚಿದೆ. ಇಲ್ಲೇ ನಾನು ಮೂರು ವಾರ ಕಳೆದದ್ದು.

ಒಂದು ಗ್ಯಾರೇಜಿನವರು ವಿವರ ಕೇಳಿ, ಕಾರು ಸರಿಯಾಗಿ ನೋಡದೆಯೇ, ಹೀಟರಿನ ಎಲೆಕ್ಟ್ರಿಕ್ ಪಂಪ್ ಹೋಗಿದೆ, ಬದಲಾಯಿಸಬೇಕು ಅಂದರು. ಅವರ ಅನುಮಾನಕ್ಕೆ ಅರ್ಥವಿಲ್ಲ ಅಂತಲ್ಲ. ಎಂಜಿನ್ ನಿಂತಾಗ ಕೂಲೆಂಟನ್ನು ಹೀಟರ್ ಕೋರ್‌ಗೆ ತಳ್ಳಲು ಕೆಲವು ಹೈಬ್ರಿಡ್‌ಗಳಲ್ಲಿ ಬೇರೆ ಪುಟ್ಟ ಪಂಪ್ ಇರುತ್ತದೆ. ಅದು ಕೆಟ್ಟರೂ ನಿಂತಾಗ ತಣ್ಣಗೆ, ಓಡುವಾಗ ಬಿಸಿ. ಆದರೆ ಅವರು ಹೇಳಿದ ಖರ್ಚು ಕೇಳಿ ನನಗೇ ಬಿಸಿಯಾಯಿತು. ಯೋಚಿಸಿ ಹೇಳ್ತೀನಿ ಅಂತ ಬಂದೆ.

ಆ ಸಂಜೆ ರೇಡಿಯೋ ಆರಿಸಿ ಕೂತಾಗ ಕೇಳಿಸಿತು. ಎಕ್ಸಿಲರೇಟರ್ ಒತ್ತಿದರೆ ಡ್ಯಾಶ್‌ಬೋರ್ಡ್ ಹಿಂದೆ ಗಳಗಳ ಸದ್ದು, ಬಾಟಲಿಯಿಂದ ನೀರು ಸುರಿದ ಹಾಗೆ. ಹೀಟರ್ ಕೋರ್ ಒಳಗೆ ಗಾಳಿ ಸೇರಿಕೊಂಡರೆ ಬರುವ ಸದ್ದು ಅದು. ಕೂಲೆಂಟ್ ಕಡಿಮೆಯಾಗದೆ ಗಾಳಿ ಸೇರುವುದು ಹೇಗೆ? ಮತ್ತೆ ಬೋನೆಟ್ ಎತ್ತಿದೆ, ಈ ಸಲ ಟಾರ್ಚ್ ಹಿಡಿದು ಕಾರಿನ ಪುಸ್ತಕವನ್ನೂ ತೆರೆದೆ.

ಟ್ಯಾಂಕ್ ಎರಡು ಇವೆ! ನಾನು ನೋಡಿ ನೆಮ್ಮದಿಯಾಗಿದ್ದು ಇನ್ವರ್ಟರ್ ತಣ್ಣಗಿಡುವ ಕೂಲೆಂಟ್. ಹೈಬ್ರಿಡ್‌ನಲ್ಲಿ ಬ್ಯಾಟರಿ ಕರೆಂಟನ್ನು ಮೋಟರಿಗೆ ಒಪ್ಪುವಂತೆ ಬದಲಿಸುವ ಇನ್ವರ್ಟರಿಗೆ ಬೇರೆಯದೇ ಕೂಲೆಂಟ್ ಸುತ್ತು ಇರುವುದು ಸಾಮಾನ್ಯ. ನೀರಿನ ಬಣ್ಣ ಅದೇ, ಮುಚ್ಚಳ ಹೆಚ್ಚು ಕಡಿಮೆ ಹಾಗೇ. ಎಂಜಿನ್ನಿನ ಟ್ಯಾಂಕ್ ಇನ್ನೊಂದು ಮೂಲೆಯಲ್ಲಿ, ಪೈಪಿನ ಹಿಂದೆ. ತಳದಲ್ಲಿ ಒಂದು ಬೆರಳಷ್ಟೂ ನೀರಿಲ್ಲ. ಮಟ್ಟ ಇಳಿದರೆ ಹೊತ್ತುವ ದೀಪ ನನ್ನ ಕಾರಿನಲ್ಲಿಲ್ಲ.

ತಣ್ಣಗಿರುವಾಗ ಕಾರಿನ ಪುಸ್ತಕ ಹೇಳಿದ ಕೂಲೆಂಟನ್ನೇ ತುಂಬಿದೆ. (ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ, ಮುಖ ಸುಡುತ್ತದೆ.) ಗಾಳಿ ಹೋಗಲಿಲ್ಲ. ಇದೂ ಹೈಬ್ರಿಡ್‌ನದೇ ಕಿರಿಕಿರಿ. ಮಾಮೂಲಿ ಕಾರಾದರೆ ಎಂಜಿನ್ ಓಡುತ್ತಾ ಬಿಟ್ಟರೆ ಥರ್ಮೋಸ್ಟಾಟ್ ತೆರೆದು ಗಾಳಿ ಗುಳ್ಳೆ ಹೊರಗೆ ಬರುತ್ತದೆ. ಹೈಬ್ರಿಡ್ ಅಷ್ಟರೊಳಗೆ ಸಾಕು ಅಂತ ಎಂಜಿನ್ ನಿಲ್ಲಿಸಿಬಿಡುತ್ತದೆ. ಎಂಜಿನ್ ನಿಲ್ಲದಂತೆ ಮೇಂಟೆನೆನ್ಸ್ ಮೋಡಿಗೆ ಹಾಕಬೇಕು, ಒಂದೊಂದು ಕಾರಿಗೆ ಒಂದೊಂದು ವಿಧಾನ. ನಾನು ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಕಾರಿನ ಮೂತಿ ಎತ್ತಿ, ಆ ಮೋಡಿಗೆ ಹಾಕಿ ಅರ್ಧ ಗಂಟೆಯಲ್ಲಿ ಗಾಳಿ ತೆಗೆದರು. ಒಂದು ಹೋಸಿನ ಕ್ಲಾಂಪ್ ಹತ್ತಿರ ಒಣಗಿದ ಗುಲಾಬಿ ಕಲೆ ತೋರಿಸಿದರು, ಸೋರಿದ್ದು ಅಲ್ಲಿ. ಕ್ಲಾಂಪ್ ಬದಲಾಯಿಸಿ, "ಪಂಪ್ ಚೆನ್ನಾಗೇ ಇದೆ ಸಾರ್" ಅಂದರು. ಎಲ್ಲೂ ಸೋರಿದ ಗುರುತಿಲ್ಲದೆ ಕೂಲೆಂಟ್ ಇಳಿಯುತ್ತಿದ್ದರೆ ಮಾತ್ರ ತಡ ಮಾಡಬೇಡಿ, ಎಂಜಿನ್ನಿನ ತಲೆ ಮತ್ತು ಬ್ಲಾಕಿನ ನಡುವೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ಆಮೇಲೆ ಮತ್ತೆ ಅಳೆದೆ. ಹೀಟರ್ ಏನೂ ಇಲ್ಲದೆ, ಕೂಲೆಂಟ್ 60 ಮುಟ್ಟಲು 11 ನಿಮಿಷ. ಬ್ಲಾಕ್ ಹೀಟರ್ ಹಾಕಿದ ಬೆಳಿಗ್ಗೆ 5 ನಿಮಿಷ. ಸಿಗ್ನಲ್ಲಿನಲ್ಲಿ ನಿಂತರೂ ಬಿಸಿ ಹೋಗುವುದಿಲ್ಲ. ಮೊದಲ ಕಿಲೋಮೀಟರುಗಳಲ್ಲಿ ಎಂಜಿನ್ ಕಡಿಮೆ ಓಡುವುದರಿಂದ ಪೆಟ್ರೋಲೂ ಉಳಿಯುತ್ತದೆ.

ಖರ್ಚಿಲ್ಲದ ಎರಡು ಮಾತು. ಇಕೋ ಮೋಡ್ ಆರಿಸಿ ನೋಡಿ, ಬಹಳ ಹೈಬ್ರಿಡ್‌ಗಳಲ್ಲಿ ಅದು ಹೀಟರನ್ನೂ ಹಿಡಿದಿಡುತ್ತದೆ. ಇನ್ನೊಂದು, ಹತ್ತಿದ ತಕ್ಷಣ ಫ್ಯಾನ್ ಜೋರು ಮಾಡಬೇಡಿ, ಹುಟ್ಟುತ್ತಿರುವ ಚೂರು ಬಿಸಿಯನ್ನೂ ಅದು ಕಿತ್ತುಕೊಳ್ಳುತ್ತದೆ. ಆಟೋದಲ್ಲಿ ಬಿಟ್ಟರೆ ಕಾರೇ ಕಾಯುತ್ತದೆ.

ಬ್ಲಾಕ್ ಹೀಟರಿನ ದೋಷ ಹೇಳದಿದ್ದರೆ ತಪ್ಪಾಗುತ್ತದೆ. ಹಾಕಿಸುವ ಕೂಲಿ ಹೀಟರಿನ ಬೆಲೆಗಿಂತ ಹೆಚ್ಚು. ಕಾರು ನಿಲ್ಲಿಸುವ ಕಡೆ ಪ್ಲಗ್ ಇರಲೇಬೇಕು, ರಸ್ತೆ ಬದಿ ನಿಲ್ಲಿಸುವವರು ಮರೆತುಬಿಡಿ, ಸೀಟ್ ಕವರ್ ತಗೊಳ್ಳಿ. ಹೆದ್ದಾರಿಯವರಿಗೆ ಗ್ರಿಲ್ ಫೋಮ್ ಸಾಕು. ಒಂದು ಸಲ ವೈರ್ ಕೀಳದೆ ಕಾರು ತೆಗೆದು ಎಕ್ಸ್‌ಟೆನ್ಷನ್ ಬೋರ್ಡನ್ನೇ ಗೇಟಿನವರೆಗೆ ಎಳೆದುಕೊಂಡು ಹೋಗಿದ್ದೇನೆ. ಈಗ ರಾತ್ರಿ ಪ್ಲಗ್ ಹಾಕಿದ ಕೂಡಲೇ ಸ್ಟೀರಿಂಗಿಗೆ ಒಂದು ಕೆಂಪು ರಿಬ್ಬನ್ ಕಟ್ಟುತ್ತೇನೆ.

ಇಷ್ಟೆಲ್ಲ ಆದರೂ ಇದು ಬೆಳಗಿನ ಕಥೆ ಮಾತ್ರ. ಆಫೀಸಿನ ಪಾರ್ಕಿಂಗಿನಲ್ಲಿ ಪ್ಲಗ್ ಇಲ್ಲ. ಸಂಜೆ ವಾಪಸ್ ಬರುವಾಗ ಸೀಟ್ ಕವರ್ ಹಾಕಿಕೊಂಡು, ಗ್ಲೋವ್ಸ್ ತೊಟ್ಟು, ಆ 11 ನಿಮಿಷ ಕಾಯುತ್ತೇನೆ.